ಅಚ್ಚು ಹಿಡಿಯುವ ಕೈ

ಗುಳಿಗೆ ನುಂಗಿದ ಮುಕ್ಕಾಲು ಗಂಟೆಗೆ ಅಕ್ಕಸಾಲಿಯ ಕೈ ಹಿಡಿತಕ್ಕೆ ಬರುತ್ತಿತ್ತು. ಆಮೇಲೆ ಹೆಚ್ಚೆಂದರೆ ಒಂದು ಗಂಟೆ ಹೇಳಿದ ಮಾತು ಕೇಳುತ್ತಿತ್ತು. ಇದು ಡಾಕ್ಟರು ಹೇಳಿದ ಲೆಕ್ಕವಲ್ಲ. ಅವನ ಹೆಂಡತಿ ಹದಿನೈದು ದಿನ ಗೋಡೆ ಗಡಿಯಾರದ ಮೇಲೊಂದು ಕಣ್ಣು, ಗಂಡನ ಬೆರಳುಗಳ ಮೇಲೊಂದು ಕಣ್ಣು ಇಟ್ಟು ಕಂಡುಕೊಂಡದ್ದು. ಹಾಗಾಗಿ ಆವತ್ತು ಬೆಳಿಗ್ಗೆ ಬಸ್ಸು ಹೊಳೆಯ ಸೇತುವೆ ದಾಟುತ್ತಿದ್ದಂತೆಯೇ ಅವಳು ಚೀಲದಿಂದ ನೀರಿನ ಬಾಟಲಿ ತೆಗೆದಳು.

“ಈಗಲೇ ಯಾಕೆ? ಇಳಿದ ಮೇಲೆ ತಗೊಂಡರಾಯ್ತು” ಎಂದ ಅವನು.

“ಕಚೇರಿ ಬಾಗಿಲು ತೆಗೆಯೋದು ಹತ್ತಕ್ಕೆ. ಮೊದಲು ಹೋದವರಿಗೆ ಮೊದಲ ಸರದಿ. ಹತ್ತೂಕಾಲಿಗೆ ನಿಮ್ಮ ಕೈ ಸರಿಯಾಗಿರಬೇಕು. ಬಾಯಿ ತೆಗೀರಿ.”

“ಮೋಡ ನೋಡಿಕೊಂಡು ಬಿತ್ತನೆಗೆ ಹೊರಟ ಹಾಗಿದೆ ನಿನ್ನ ಲೆಕ್ಕ.”

“ರೈತನ ಮಗಳನ್ನ ಕಟ್ಟಿಕೊಂಡಿದ್ದೀರಿ. ಇನ್ನು ಹ್ಯಾಗಿರುತ್ತೆ?”

ಅವನು ಬಾಯಿ ತೆರೆದ. ಅವಳು ಗುಳಿಗೆಯನ್ನು ನಾಲಿಗೆಯ ಮೇಲಿಟ್ಟು, ಬಾಟಲಿಯನ್ನು ತಾನೇ ಹಿಡಿದು ನೀರು ಕುಡಿಸಿದಳು. ಪಕ್ಕದ ಸೀಟಿನವಳು ತಿರುಗಿ ನೋಡಿದ್ದಕ್ಕೆ, “ಬಸ್ಸು ಎಷ್ಟು ಕುಲುಕುತ್ತೆ ನೋಡಿ” ಎಂದು ಬಸ್ಸಿನ ಮೇಲೆ ಹಾಕಿದಳು. ಬಸ್ಸು ಆಗ ನಿಲ್ದಾಣವೊಂದರಲ್ಲಿ ನಿಂತಿತ್ತು.

ಅವರು ಹೊರಟದ್ದು ಜಿಲ್ಲೆಯ ಮುದ್ರೆ ಕಚೇರಿಗೆ. ಚಿನ್ನ ಬೆಳ್ಳಿ ಮಾರುವುದಕ್ಕೆ ಕಾನೂನಿನ ಕಟ್ಟು ಮೊದಲಿನಿಂದಲೂ ಇತ್ತು. ಒಂದು ಉಂಗುರ ಅಂಗಡಿಯಿಂದ ಗಿರಾಕಿಯ ಬೆರಳಿಗೆ ಹೋಗುವ ಮುಂಚೆ ಅದರ ಒಳಮೈಗೆ ಎರಡು ಗುರುತು ಬೀಳಲೇಬೇಕು. ಒಂದು ಅಕ್ಕಸಾಲಿಯದು. ಇನ್ನೊಂದು ಮುದ್ರೆ ಕಚೇರಿಯದು. ಕಚೇರಿಯವರು ಉಂಗುರದಿಂದ ಸಾಸಿವೆ ಕಾಳಿಗಿಂತ ಸಣ್ಣ ಚೂರು ಕೆರೆದು ಪರೀಕ್ಷೆ ಮಾಡಿ, ಚಿನ್ನ ಹೇಳಿದಷ್ಟು ಶುದ್ಧವಾಗಿದ್ದರೆ ತಮ್ಮ ಮುದ್ರೆ ಒತ್ತಿ ಕಳಿಸುತ್ತಾರೆ. ಅಕ್ಕಸಾಲಿಯ ಗುರುತು ಕಿರುಬೆರಳುದ್ದದ ಉಕ್ಕಿನ ಅಚ್ಚೊಂದರ ತುದಿಯಲ್ಲಿತ್ತು: ಸಣ್ಣ ಬಳೆಯೊಳಗೆ ಎರಡೆಲೆಯ ಮೊಳಕೆ. ನಲವತ್ತನಾಲ್ಕು ವರ್ಷದಿಂದ ಆ ಮೊಳಕೆ ಅವನ ಹೆಸರಿಗೆ ಕಚೇರಿಯ ಪುಸ್ತಕದಲ್ಲಿತ್ತು. ಸುತ್ತಲ ಹತ್ತಾರು ಹಳ್ಳಿಗಳಲ್ಲಿ ಅಕ್ಷರ ಬಾರದ ಹೆಂಗಸರೂ ಓಲೆ ಬಿಚ್ಚಿ ಹಿಂದೆಮುಂದೆ ತಿರುಗಿಸಿ, ಮೊಳಕೆ ಕಂಡರೆ ಸುಮ್ಮನಾಗುತ್ತಿದ್ದರು.

ಹೋದ ತಿಂಗಳು ಕಾಗದ ಬಂದಿತ್ತು. ಯಾರದೋ ಅಚ್ಚು ಯಾರದೋ ಕೈಗೆ ಸಿಕ್ಕಿ ಕಲಬೆರಕೆ ಮಾಲು ಹೆಚ್ಚಾಗಿದೆ, ಆದ್ದರಿಂದ ಪ್ರತಿಯೊಬ್ಬ ಅಚ್ಚುದಾರನೂ ಖುದ್ದಾಗಿ ಬಂದು, ಅಧಿಕಾರಿಯ ಎದುರು, ತಾಮ್ರದ ತಗಡಿನ ಮೇಲೆ ಐದು ಸಲ ತನ್ನ ಅಚ್ಚು ಹೊಡೆದು ತೋರಿಸಬೇಕು. ತೋರಿಸಲಾಗದವರ ಅಚ್ಚನ್ನು ಅರ ಹಾಕಿ ಉಜ್ಜಿ ಅಳಿಸಲಾಗುವುದು. ಅವಳು ಒಂದೊಂದೇ ಅಕ್ಷರ ಕೂಡಿಸಿ ಓದಿ ಮುಗಿಸುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿ ಹೋಗಿತ್ತು.

ಅವಳನ್ನು ಊರವರು ಕರೆಯುತ್ತಿದ್ದದ್ದು ಊದಕ್ಕ ಎಂದು. ಮದುವೆಯಾಗಿ ಬಂದಾಗ ಅವಳಿಗೆ ಎಮ್ಮೆ ಕರೆಯುವುದು, ಕಳೆ ಕೀಳುವುದು ಬಿಟ್ಟು ಬೇರೆ ಗೊತ್ತಿರಲಿಲ್ಲ. ಗಂಡ ಊದುಗೊಳವೆ ಕೈಗೆ ಕೊಟ್ಟು ಕೆಂಡದ ಮುಂದೆ ಕೂರಿಸಿದ. ಊದುತ್ತ ಊದುತ್ತ ಅವಳು ಬೆಸುಗೆ ಯಾವಾಗ ಕರಗುತ್ತದೆ, ಯಾವಾಗ ಓಡುತ್ತದೆ ಎಂಬುದನ್ನು ನೋಡಿಯೇ ಕಲಿತಳು. ಆಮೇಲೆ ತಂತಿ ಎಳೆಯಲು, ಅರ ಹಾಕಲು ಕೂತಳು. ಎಡಗೈಯವಳು. “ನಿನ್ನ ಕೆಲಸ ನೋಡ್ತಿದ್ದರೆ ಕನ್ನಡೀಲಿ ನನ್ನನ್ನೇ ನೋಡಿದ ಹಾಗಾಗುತ್ತೆ, ಆದರೆ ಮೀಸೆ ಇಲ್ಲ” ಎಂದು ಅವನು ನಗುತ್ತಿದ್ದ.

ಎಂಟು ವರ್ಷದ ಹಿಂದೆ ಅವನ ಬಲಗೈ ನಡುಗಲು ಶುರುವಾಯಿತು. ಮೊದಲು ಚಿಮುಟ ಜಾರಿತು, ಆಮೇಲೆ ಅರ. ಒಂದು ದಿನ ಮಗುವಿನ ಕಿವಿಯ ರಿಂಗಿಗೆ ಬೆಸುಗೆ ಇಡಲು ಹೋಗಿ ಬೆಸುಗೆಯ ಚೂರು ನೆಲಕ್ಕೆ ಬಿದ್ದು, ಇಬ್ಬರೂ ಮಂಡಿಯೂರಿ ಅದನ್ನು ಹುಡುಕಿದರು. ಸಿಕ್ಕಿದ ಮೇಲೆ ಅವನು ಅದನ್ನು ಅವಳ ಅಂಗೈಗೆ ಹಾಕಿ, ತನ್ನ ಮಣೆಯಿಂದ ಎದ್ದು ಅವಳ ಮಣೆಯ ಮೇಲೆ ಕೂತ. ಅಂದಿನಿಂದ ಅಂಗಡಿಯ ಅಷ್ಟೂ ಕೆಲಸ ಅವಳದು.

ಅಚ್ಚೊಂದನ್ನು ಬಿಟ್ಟು. ಅಚ್ಚುದಾರನ ಹೊರತು ಬೇರೆಯವರು ಅಚ್ಚು ಹೊಡೆಯಕೂಡದು ಎಂದು ಕಾನೂನು. ಕಾನೂನು ಎಂದರೆ ಅವಳಿಗೆ ಬೇರೆಯವರ ಹೊಲದ ಬೇಲಿ ಇದ್ದಂತೆ. ಯಾರೂ ನೋಡುತ್ತಿಲ್ಲವೆಂದು ದಾಟುವ ಜಾಯಮಾನ ಅವಳದಲ್ಲ. ಹಾಗಾಗಿ ಉಂಗುರ ಮುಗಿದು ಹೊಳಪು ಬಂದ ಮೇಲೆ ಇಬ್ಬರೂ ಪೆಟ್ಟು ಹಾಕುವ ಅಡಿಗಲ್ಲಿನ ಎದುರುಬದುರು ಕೂರುತ್ತಿದ್ದರು. ಅಚ್ಚು ಹಿಡಿಯುವುದು ಅವಳು. ಸುತ್ತಿಗೆ ಎತ್ತುವುದು ಅವನು. ಎಂಟು ವರ್ಷದಲ್ಲಿ ಒಂದೇ ಒಂದು ಮೂಗುಬಟ್ಟೂ ಅವನ ಪೆಟ್ಟಿಲ್ಲದೆ ಹೊರಗೆ ಹೋಗಿರಲಿಲ್ಲ. ಆದರೂ ಮಾಡುವವಳು ತಾನು, ಗುರುತು ಅವನದು ಎಂಬುದು ಅವಳ ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು. ಇದು ಸುಳ್ಳು ಮುದ್ರೆಯಾಯಿತೇನೋ, ಹಿಡಿದರೆ ಅವನನ್ನೇ ಹಿಡಿಯುತ್ತಾರೇನೋ.

ಕಾಗದ ಬಂದ ಮೇಲೆ ಆ ಮುಳ್ಳು ಮರೆತೇಹೋಯಿತು. ಈಗ ಅವಳಿಗೆ ಇದ್ದದ್ದು ಒಂದೇ ಚಿಂತೆ. ಅಂಗಡಿ ಮುಚ್ಚಿದರೆ ಮುಚ್ಚಲಿ, ಹಿತ್ತಲಲ್ಲಿ ತರಕಾರಿ ಬೆಳೆದುಕೊಂಡು ಬದುಕಬಹುದು. ಆದರೆ ನಾಲ್ಕು ಜನರ ಮುಂದೆ ಯಾರೋ ಅವನ ಕೈಯಿಂದ ಅಚ್ಚು ಕಿತ್ತುಕೊಂಡು, ನಿಮ್ಮ ಕೈ ಆಯಿತು ಯಜಮಾನರೇ ಎನ್ನಬಾರದು. ಅದಕ್ಕಾಗಿಯೇ ಗುಳಿಗೆಯ ಲೆಕ್ಕ, ಅದಕ್ಕಾಗಿಯೇ ದಿನಾ ಬೆಳಿಗ್ಗೆ ಹಳೇ ತಾಮ್ರದ ಚೊಂಬು ಕತ್ತರಿಸಿ ಅಭ್ಯಾಸ. ಒಳ್ಳೆಯ ಗಂಟೆಯಲ್ಲಿ ಅವನೊಬ್ಬನೇ ಐದರಲ್ಲಿ ನಾಲ್ಕು ಸರಿಯಾಗಿ ಹೊಡೆಯುತ್ತಿದ್ದ.

ಕಚೇರಿಯ ಮೆಟ್ಟಿಲ ಮೇಲೆ ಅವರಿಗಿಂತ ಮೊದಲೇ ಒಬ್ಬ ಕೂತಿದ್ದ. ಪಕ್ಕದ ಪೇಟೆಯಲ್ಲಿ ಹರಳು ಕಟ್ಟುವವನು. ಹಳೆಯ ಪರಿಚಯ. ತೊಡೆಯ ಮೇಲೆ ತಗಡಿನ ಡಬ್ಬಿ.

“ಬಾ ಊದಕ್ಕ, ಬನ್ನಿ ಯಜಮಾನರೇ. ನನ್ನ ಹಿಂದೆ ನೀವೇ.”

“ನೀನು ಎಷ್ಟು ಹೊತ್ತಿಗೆ ಬಂದೆ ಮಾರಾಯ?” ಅವಳ ಮುಖ ಸಪ್ಪಗಾಯಿತು.

“ಏಳಕ್ಕೆ. ನಲವತ್ತು ಹರಳು ತಂದಿದ್ದೀನಿ. ಹೊಸ ಕಾನೂನಂತೆ, ಕಾಯಿಸಿ ಬಣ್ಣ ಏರಿಸಿದ್ದು ಯಾವುದು, ಬಿರುಕಿಗೆ ಗಾಜು ತುಂಬಿದ್ದು ಯಾವುದು, ಒಂದೊಂದಕ್ಕೂ ಬೇರೆ ಬೇರೆ ಚೀಟಿ ಬರೆಸಬೇಕಂತೆ. ಹುಟ್ಟಿದ ಬಣ್ಣ ಎಷ್ಟು, ಬಳಿದ ಬಣ್ಣ ಎಷ್ಟು ಅಂತ. ನನ್ನ ಹೆಂಡತಿನೂ ಕರಕೊಂಡು ಬಂದಿದ್ದರೆ ಒಂದೇ ಸಲಕ್ಕೆ ಮುಗೀತಿತ್ತು.”

“ನಿನ್ನ ತಲೆಗೂದಲಿಗೂ ಒಂದು ಚೀಟಿ ಬರೆಸು” ಎಂದ ಅಕ್ಕಸಾಲಿ. ಹರಳಿನವನು ತನ್ನ ಕಪ್ಪು ಮಾಡಿಕೊಂಡ ತಲೆ ಸವರಿಕೊಂಡು ಗಹಗಹಿಸಿ ನಕ್ಕ.

ಅವಳಿಗೆ ನಗು ಬರಲಿಲ್ಲ. ನಲವತ್ತು ಹರಳು ಎಂದರೆ ಎಷ್ಟು ಹೊತ್ತು? “ಒಂಚೂರು ನಮ್ಮನ್ನು ಮುಂದೆ ಬಿಡ್ತೀಯಾ? ನಮ್ಮದು ಐದು ನಿಮಿಷದ ಕೆಲಸ” ಎಂದಳು.

“ಯಾಕೆ ಅವಸರ?” ಎಂದದ್ದು ಹರಳಿನವನಲ್ಲ, ಗಂಡ. “ಏಳಕ್ಕೆ ಬಂದವನನ್ನು ಹಿಂದಕ್ಕೆ ತಳ್ಳೋದು ಯಾವ ನ್ಯಾಯ? ಕೂತುಕೋ.”

ಅವಳು ಅವನನ್ನು ಕಣ್ಣಲ್ಲೇ ಗದರಿದಳು. ಅವನು ಕಾಣದವನಂತೆ ಎದುರಿನ ಮರ ನೋಡುತ್ತ ಕೂತ.

ಹರಳುಗಳು ಮುಗಿಯುವಾಗ ಗೋಡೆಯ ಗಡಿಯಾರ ಹನ್ನೊಂದೂ ಮುಕ್ಕಾಲು ತೋರಿಸುತ್ತಿತ್ತು. ಅವನ ಬಲಗೈ ತೊಡೆಯ ಮೇಲೆ ಆಗಲೇ ಮೆಲ್ಲಗೆ ಅಲುಗಲು ಹತ್ತಿತ್ತು. ಗುಮಾಸ್ತ ಕರೆದ.

ಒಳಗೆ ಉದ್ದದ ಮೇಜು, ಕಿಟಕಿಯ ಬೆಳಕು, ಗಾಜಿನ ಪೆಟ್ಟಿಗೆಯೊಳಗೆ ಉಸಿರು ತಾಕಿದರೂ ಓಲಾಡುವ ತಕ್ಕಡಿ. ಮೇಜಿನ ಹಿಂದೆ ನಲವತ್ತು ದಾಟಿದ ಪರೀಕ್ಷಕಿ, ಕೊರಳಲ್ಲಿ ದಾರಕ್ಕೆ ಕಟ್ಟಿದ ಭೂತಗನ್ನಡಿ. ಆಕೆ ಎದ್ದು ನಿಂತು ಕೂರಲು ಹೇಳಿದಳು. “ಎರಡೆಲೆ ಮೊಳಕೆಯವರು ಅಲ್ವಾ? ಹನ್ನೊಂದು ವರ್ಷದಿಂದ ನಿಮ್ಮ ಮಾಲು ನೋಡ್ತಿದ್ದೀನಿ, ನಿಮ್ಮನ್ನು ನೋಡ್ತಿರೋದು ಇವತ್ತೇ.”

ಆಕೆ ಉಕ್ಕಿನ ದಿಂಡಿನ ಮೇಲೆ ತಾಮ್ರದ ಪಟ್ಟಿ ಇಟ್ಟಳು. ಅಕ್ಕಸಾಲಿ ಒಳಜೇಬಿನಿಂದ ಅಚ್ಚು ತೆಗೆದು, ಅದನ್ನು ಎಡಗೈಯಲ್ಲಿ ಪಟ್ಟಿಯ ಮೇಲೆ ನಿಲ್ಲಿಸಿದ. ಹೆಂಡತಿ ಚೀಲದಿಂದ ಸುತ್ತಿಗೆ ಕೊಟ್ಟಳು. ಅವನು ಸುತ್ತಿಗೆ ಎತ್ತಿದ. ಎತ್ತಿದ ಕೈ ಗಾಳಿಯಲ್ಲಿ ಬಳ್ಳಿಯ ತುದಿಯಂತೆ ಆಡಿತು.

ಆಮೇಲೆ ಆದದ್ದು ಅವಳಿಗೆ ಗೊತ್ತಾಗಿ ಆದದ್ದಲ್ಲ. ಸುತ್ತಿಗೆ ಮೇಲೆ ಹೋಯಿತು ಎಂದರೆ ಅವಳ ಕೈ ಅಚ್ಚಿಗೆ ಹೋಗಬೇಕು. ಎಂಟು ವರ್ಷದಿಂದ ಅದು ಹಾಗೇ ನಡೆದು ಬಂದಿತ್ತು. ಅವಳ ಬೆರಳುಗಳು ಮೇಜಿನ ಮೇಲೆ ಹಾದು, ಅವನ ಬೆರಳುಗಳನ್ನು ಬದಿಗೆ ಸರಿಸಿ ಅಚ್ಚು ಹಿಡಿದವು. ಅವನೂ ಯೋಚಿಸದೆ ಕೈ ಬಿಟ್ಟ. ಟಕ್. ಬಳೆಯೊಳಗೆ ಎರಡೆಲೆ, ಕೆತ್ತಿಟ್ಟಂತೆ.

“ಒಂದು” ಎಂದಳು ಅವಳು, ಮನೆಯಲ್ಲಿ ಎಣಿಸುತ್ತಿದ್ದಂತೆ.

ಪರೀಕ್ಷಕಿ ತಲೆ ಎತ್ತಿದಳು. ಆಗ ಅವಳಿಗೆ ತನ್ನ ಕೈ ಎಲ್ಲಿದೆ ಎಂಬುದು ಕಂಡಿತು. ಬಿಸಿ ಕೆಂಡ ಮುಟ್ಟಿದವಳಂತೆ ಎಳೆದುಕೊಂಡಳು. ಅಚ್ಚು ಉರುಳಿ ಮೇಜಿನ ಅಂಚಿಗೆ ಹೋಗಿ ನಿಂತಿತು.

“ಅಮ್ಮಾ, ಅವರೊಬ್ಬರೇ ಹೊಡೀಬೇಕು” ಎಂದಳು ಪರೀಕ್ಷಕಿ ಮೆತ್ತಗೆ.

ಅವನು ಮತ್ತೆ ಅಚ್ಚು ಹಿಡಿದ. ಎಡಗೈಯೂ ಈಗ ಅಲುಗುತ್ತಿತ್ತು. ಉಕ್ಕಿನ ತುದಿ ತಾಮ್ರದ ಮೇಲೆ ಕೋಳಿ ಕಾಳು ಹೆಕ್ಕಿದಂತೆ ಟಕಟಕ ಎಂದಿತು. ಅವನು ಅಚ್ಚನ್ನೂ ಸುತ್ತಿಗೆಯನ್ನೂ ಪಕ್ಕಪಕ್ಕ ಮಲಗಿಸಿದ.

“ಬಸ್ಸಿಳಿಯೋವಾಗ ಅವರ ಕೈ ಉಳುಕಿತು” ಎಂದಳು ಅವಳು. “ಬಸ್ಸಿನ ಬಾಗಿಲು ಸರಿಯಿರಲಿಲ್ಲ. ಇನ್ನೊಂದು ದಿನ ಬರ್ತೀವಿ. ಮನೇಲಿ ಒಬ್ಬರೇ ಹೊಡೀತಾರೆ, ನಾನೇ ನೋಡಿದ್ದೀನಿ, ನಿನ್ನೆ ಐದಕ್ಕೆ ನಾಲ್ಕು…”

“ಅಮ್ಮಾ,” ಎಂದಳು ಪರೀಕ್ಷಕಿ, “ನಿಮ್ಮಿಬ್ಬರಲ್ಲಿ ಎಡಗೈಯವರು ಯಾರು?”

ಅವಳು ಎಡಗೈಯನ್ನು ಶಾಲಿನೊಳಗೆ ಎಳೆದುಕೊಂಡಳು.

“ನಾನು ದಿನವಿಡೀ ಮಾಡೋದು ಕೆರೆಯೋ ಕೆಲಸ. ಕೆರೆಯೋ ಮುಂಚೆ ನೋಡ್ತೀನಿ. ಎಂಟು ವರ್ಷದ ಹಿಂದೆ ಮೊಳಕೆಯವರ ಅರದ ಗೆರೆ ದಿಕ್ಕು ಬದಲಾಯಿಸಿತು. ಮೊದಲು ಬಲದಿಂದ ಎಡಕ್ಕಿತ್ತು, ಆಮೇಲೆ ಎಡದಿಂದ ಬಲಕ್ಕೆ. ಬೆಸುಗೆಯೂ ಕಮ್ಮಿಯಾಯ್ತು. ಎಷ್ಟು ಬೇಕೋ ಅಷ್ಟೇ.”

“ಇವಳದ್ದು” ಎಂದ ಅಕ್ಕಸಾಲಿ. “ನನಗೆ ಬೆಸುಗೆ ಒಂದು ತೂಕ ಹೆಚ್ಚೇ ಹಾಕೋ ಚಟ. ಇವಳು ಅಡಿಗೆಗೆ ಉಪ್ಪು ಹಾಕಿದ ಹಾಗೆ ಹಾಕ್ತಾಳೆ.”

“ರೀ, ಸುಮ್ಮನಿರಿ!”

“ಎಂಟು ವರ್ಷ ಸುಮ್ಮನಿದ್ದೆನಲ್ಲೇ.”

ಗೋಡೆಯ ಮೇಲಿನ ಫಲಕ ಅವಳ ಕಣ್ಣಿಗೆ ಬಿತ್ತು. ಸುಳ್ಳು ಮುದ್ರೆ, ಶಿಕ್ಷೆ ಎಂಬ ಎರಡು ಮಾತು ದಪ್ಪ ಅಕ್ಷರದಲ್ಲಿದ್ದವು. “ಶಿಕ್ಷೆ ಕೊಡೋದಿದ್ದರೆ ನನಗೆ ಕೊಡಿ. ಮಾಡಿದವಳು ನಾನು. ಅವರು ಬರೀ ಪೆಟ್ಟು ಹಾಕಿದ್ದು.”

ಪರೀಕ್ಷಕಿ ಕನ್ನಡಿಯ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. “ಅಚ್ಚಿಗೆ, ಇದನ್ನು ನಾನು ಮಾಡಿದೆ ಅಂತ ಅರ್ಥ ಅಲ್ಲಮ್ಮ. ಇದರ ಚಿನ್ನಕ್ಕೆ ನಾನು ಜವಾಬ್ದಾರಿ ಅಂತ. ದೊಡ್ಡ ಅಂಗಡಿಗಳಲ್ಲಿ ಹತ್ತು ಜನ ಮಾಡ್ತಾರೆ, ಅಚ್ಚು ಒಂದೇ. ನಿಮ್ಮ ಮಾಲು ಒಂದು ಸಲಾನೂ ಹಿಂದೆ ಕಳಿಸಿಲ್ಲ ನಾನು. ಪೆಟ್ಟೂ ಇವರದೇ. ಇದರಲ್ಲಿ ಸುಳ್ಳು ಏನಿದೆ?”

ಅವಳು ಕೂತಲ್ಲೇ ಒಮ್ಮೆ ದೊಡ್ಡದಾಗಿ ಉಸಿರು ಬಿಟ್ಟಳು. ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿ ಅಲುಗಿತೇನೋ ಎಂದು ಗುಮಾಸ್ತ ಆ ಕಡೆ ನೋಡಿದ.

“ಈಗ ಎರಡು ದಾರಿ ಇದೆ” ಎಂದಳು ಪರೀಕ್ಷಕಿ. “ಆರೋಗ್ಯದ ಕಾರಣ ಬರೆದು, ಸಹಾಯಕರ ಕೈ ಅಂತ ನಿಮ್ಮ ಹೆಸರು ಸೇರಿಸಬಹುದು. ಆಗ ಈ ಅಚ್ಚು ಇವರ ಕಾಲ ಇರೋವರೆಗೆ ಇರುತ್ತೆ, ಇವರ ಜೊತೆ ಮುಗಿಯುತ್ತೆ. ಇಲ್ಲದಿದ್ದರೆ ಇದನ್ನು ಇವತ್ತೇ ಅಳಿಸಿ, ನಿಮ್ಮ ಹೆಸರಿಗೆ ಹೊಸ ಅಚ್ಚು. ಅದಕ್ಕೆ ನೀವೇ ಐದು ಪೆಟ್ಟು ಹೊಡೆದು ತೋರಿಸಬೇಕು.”

“ಮೊದಲನೆಯದು” ಎಂದಳು ಅವಳು, ಮಾತು ಮುಗಿಯುವ ಮುಂಚೆಯೇ. “ಸಹಾಯಕಿ ಅಂತ ಬರ್ಕೊಳ್ಳಿ.”

“ಎರಡನೆಯದು” ಎಂದ ಅವನು.

“ರೀ, ನಲವತ್ತನಾಲ್ಕು ವರ್ಷದ ಅಚ್ಚು. ಅದಕ್ಕೆ ಅರ ಹಾಕೋದು ನೋಡೋಕೆ ನನ್ನ ಕೈಲಾಗಲ್ಲ.”

“ನೀನು ಆ ಕಡೆ ತಿರುಗಿ ಕೂತುಕೋ.”

“ತಮಾಷೆ ಬೇಡ.”

“ತಮಾಷೆ ಅಲ್ಲ ಕಣೇ. ಆರು ತಿಂಗಳ ಹಿಂದೆ ಹಾಲಿನವಳು ಬಂದು ಏನಂದಳು? ಯಜಮಾನರೇ, ನಿಮ್ಮ ಕೈಯಲ್ಲಿ ಮಾಡಿದ ಓಲೆ ನಮ್ಮತ್ತೆ ಕಿವೀಲಿ ಹೂವಿನ ಹಾಗಿದೆ ಅಂದಳು. ನೀನು ಒಳಗೆ ಅರ ಹಾಕ್ತಾ ಇದ್ದೆ. ನಾನು ಹೂಂ ಅಂದೆ. ಆ ಹೂಂ ಇನ್ನೂ ಗಂಟಲಲ್ಲೇ ಇದೆ.” ಅವನು ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಒತ್ತಿ ಹಿಡಿದ. “ನನ್ನ ಜೊತೆ ಅಚ್ಚು ಮುಗಿಯುತ್ತೆ ಅಂತಾರೆ. ನಾನು ಹೋದ ದಿನ ನಿನ್ನ ಕೈಗೂ ಅರ ಹಾಕಬೇಕಾ? ನನಗೆ ಎಪ್ಪತ್ತೊಂದು. ನಿನಗೆ ಇನ್ನೂ ಕೆಲಸ ಇದೆ.”

ಮೆಟ್ಟಿಲ ಮೇಲೆ ಇವನಿಗೆ ಅವಸರವೇಕೆ ಇರಲಿಲ್ಲ ಎಂಬುದು ಈಗ ಅವಳಿಗೆ ಅರ್ಥವಾಯಿತು. ಗುಳಿಗೆಯ ಒಳ್ಳೆಯ ಗಂಟೆ ಕಳೆದುಹೋಗಲಿ ಎಂದೇ ಕೂತಿದ್ದ, ಕಳ್ಳ.

“ಆಯ್ತು,” ಎಂದಳು ಕೊನೆಗೆ, ಸಿಟ್ಟಿನಲ್ಲೋ ಅಳುವಿನಲ್ಲೋ ತಿಳಿಯದ ದನಿಯಲ್ಲಿ. “ಎಲ್ಲಿ ಹೊಡೀಬೇಕು, ಕೊಡಿ.”

ಪರೀಕ್ಷಕಿ ಕಚೇರಿಯ ಅಚ್ಚು ಕೊಟ್ಟಳು, ತುದಿಯಲ್ಲಿ ಬರೀ ಒಂದು ನಕ್ಷತ್ರ. ಊದಕ್ಕ ಅದನ್ನು ಬಲಗೈಯಲ್ಲಿ ನಿಲ್ಲಿಸಿ, ಎಡಗೈಯಲ್ಲಿ ಸುತ್ತಿಗೆ ಎತ್ತಿ ಹೊಡೆದಳು.

ನಕ್ಷತ್ರ ಎರಡಾಗಿ ಬಿದ್ದಿತ್ತು, ಒಂದರ ಮೇಲೊಂದು ಜಾರಿ. ಎರಡನೆಯದು ಅರ್ಧ ಮಾತ್ರ ಮೂಡಿತು. ಮೂರನೆಯದಕ್ಕೆ ತಾಮ್ರವೇ ಬಗ್ಗಿತು. ತಂತಿಯನ್ನು ಕೂದಲೆಳೆಯಷ್ಟು ತೆಳ್ಳಗೆ ಎಳೆಯುವವಳು, ಸೂಜಿಯ ಮೊನೆಯಷ್ಟು ಬೆಸುಗೆ ಇಡುವವಳು, ಅಚ್ಚು ಹೊಡೆಯಲಾರದೆ ಹೋದಳು. ಹೊಡೆಯುವುದೊಂದನ್ನೇ ಅವಳು ಜನ್ಮದಲ್ಲಿ ಮಾಡಿರಲಿಲ್ಲ. ಮಾಡಕೂಡದೆಂದು ಮಾಡಿರಲಿಲ್ಲ.

“ಎರಡು ಗಂಟೆಗೆ ಇನ್ನೊಂದು ಅವಕಾಶ ಕೊಡ್ತೀನಿ” ಎಂದಳು ಪರೀಕ್ಷಕಿ. “ಆಗಲೂ ಆಗದಿದ್ದರೆ ಆರು ತಿಂಗಳು ಕಾಯಬೇಕು, ಅಲ್ಲೀವರೆಗೆ ಅಂಗಡಿಗೆ ಅಚ್ಚಿರಲ್ಲ. ಅಭ್ಯಾಸಕ್ಕೆ ಈ ನಕ್ಷತ್ರದ ಅಚ್ಚು, ತಾಮ್ರದ ಪಟ್ಟಿ ತಗೊಳ್ಳಿ, ಗುಮಾಸ್ತರ ಕಣ್ಣೆದುರಿಗೇ ಇರಲಿ.”

ಮೊಗಸಾಲೆಯ ಬೆಂಚಿನ ಮೇಲೆ ಉಕ್ಕಿನ ತುಂಡಿಟ್ಟುಕೊಂಡು ಇಬ್ಬರೂ ಎದುರುಬದುರು ಕೂತರು. ಬುತ್ತಿಯ ಗಂಟು ಬಿಚ್ಚಲೇ ಇಲ್ಲ. ಗುಮಾಸ್ತ ತನ್ನ ಡಬ್ಬಿ ತೆರೆದು ಊಟ ಮಾಡುತ್ತ, ನೋಡಿಯೂ ನೋಡದವನಂತೆ ನೋಡುತ್ತಿದ್ದ.

“ಹೊಡಿ” ಎಂದ ಗಂಡ.

ಹೊಡೆದಳು. ಜೋಡಿ ನಕ್ಷತ್ರ.

“ನೀನು ಕರು ಕಟ್ಟೋ ಗೂಟ ಹೊಡೀತಿದ್ದೀಯ. ಬಲ ಬೇಡ. ಸುತ್ತಿಗೆಗೆ ಅದರದೇ ತೂಕ ಇದೆ, ಬೀಳೋಕೆ ಬಿಡು.”

ಬಿಟ್ಟಳು. ಅರ್ಧ ನಕ್ಷತ್ರ.

“ಇನ್ನೊಂದು.”

“ಆಗಲ್ಲ ರೀ. ಬನ್ನಿ, ಸಹಾಯಕಿ ಅಂತಲೇ ಬರೆಸೋಣ.”

“ಯಾಕೆ ಆಗಲ್ಲ ಅಂತ ನನಗೆ ಗೊತ್ತು” ಎಂದ ಅವನು. “ಪೆಟ್ಟು ಬೀಳೋ ಹೊತ್ತಿಗೆ ಕಣ್ಣು ಮುಚ್ತೀಯ.”

“ಇಲ್ಲಪ್ಪ.”

“ಎಂಟು ವರ್ಷದಿಂದ ನೋಡ್ತಿದ್ದೀನಲ್ಲ.”

ಅವನು ಅವಳ ಬಲಗೈ ಎಳೆದುಕೊಂಡು ಹೆಬ್ಬೆರಳನ್ನು ಬೆಳಕಿಗೆ ತಿರುಗಿಸಿದ. ಉಗುರಿನ ಬುಡದಲ್ಲಿ ಹಳೆಯ ಕಪ್ಪು ಕಲೆ, ಪಕ್ಕದಲ್ಲಿ ಇನ್ನೂ ಹಳೆಯದೊಂದು ಗಂಟು.

“ಬಾಗಿಲಿಗೆ ಸಿಕ್ಕಿದ್ದು” ಎಂದಳು ಅಭ್ಯಾಸಬಲದಿಂದ.

“ಹೂಂ. ಪಾಪ, ಆ ಬಾಗಿಲಿಗೆ ನಮ್ಮನೇಲಿ ಎಷ್ಟು ಕೆಟ್ಟ ಹೆಸರು. ನನ್ನ ಸುತ್ತಿಗೆ ಎಲ್ಲಿ ಬೀಳುತ್ತೆ ಅಂತ ನನಗೆ ತಿಳಿಯಲ್ವಾ?” ಅವನು ಆ ಉಗುರನ್ನು ತನ್ನ ನಡುಗುವ ಬೆರಳಿಂದಲೇ ಒಮ್ಮೆ ಒರೆಸಿದ. “ಒಂದು ಸಲಾನೂ ಕೈ ಹಿಂದಕ್ಕೆ ತಗೊಳ್ಳಲಿಲ್ಲ ನೀನು. ಕಣ್ಣು ಮುಚ್ಚಿಕೊಂಡು ಕೂರ್ತಿದ್ದೆ, ಅಷ್ಟೇ. ನಾನು ನಿಲ್ಲಿಸಬೇಕಾಗಿತ್ತು. ನಿಲ್ಲಿಸಿದರೆ ನನಗೇನೂ ಉಳಿಯಲ್ಲ ಅಂತ ನಿಲ್ಲಿಸಲಿಲ್ಲ. ದಿನಕ್ಕೊಂದು ಪೆಟ್ಟು, ಅದಕ್ಕೋಸ್ಕರ ಬೆಳಿಗ್ಗೆ ಏಳ್ತಿದ್ದೆ.”

ಗುಮಾಸ್ತ ಊಟ ಅಗಿಯುವುದನ್ನು ನಿಲ್ಲಿಸಿದ್ದ. ಅವಳು ಕೈ ಬಿಡಿಸಿಕೊಳ್ಳಲಿಲ್ಲ.

“ಈಗ ನಾನು ಹಿಡೀತೀನಿ, ನೀನು ಹೊಡಿ” ಎಂದ ಅವನು.

“ನಿಮಗೇನು ತಲೆ ಕೆಟ್ಟಿದೆಯಾ? ಬೆರಳು ಜಜ್ಜಿ ಹೋಗುತ್ತೆ.”

“ಅದಕ್ಕೇ. ಕಣ್ಣು ಬಿಟ್ಟುಕೊಂಡು ಹೊಡಿ.”

ಅವನು ಎರಡೂ ಕೈಯಿಂದ ಅಚ್ಚು ಹಿಡಿದ. ಅದು ನಿಲ್ಲಲಿಲ್ಲ, ತಾಮ್ರದ ಮೇಲೆ ಅತ್ತಿತ್ತ ಅಲೆಯಿತು. ಅವಳು ಸುತ್ತಿಗೆ ಎತ್ತಿ ಹಾಗೇ ಹಿಡಿದಳು. ಹೊಡೆಯುವುದು ಹೇಗೆ? ಅಚ್ಚಿನ ಸುತ್ತ ಅವನ ಬೆರಳುಗಳು, ಚರ್ಮ ಸಡಿಲವಾದ, ಉಗುರಂಚಿನಲ್ಲಿ ಹೊಗೆಯ ಕಪ್ಪು ಸೇರಿಹೋದ ಬೆರಳುಗಳು. ಕಣ್ಣು ಮಿಟುಕಿಸಲು ಕೂಡ ಅವಳಿಗೆ ಧೈರ್ಯವಾಗಲಿಲ್ಲ. ನೋಡುತ್ತ ಇದ್ದಾಗ ಒಂದು ಸಂಗತಿ ಕಂಡಿತು. ನಡುಕ ಒಂದೇ ಸಮನೆ ಇರಲಿಲ್ಲ. ಅದಕ್ಕೂ ಒಂದು ಬಿಡುವಿತ್ತು. ಎಮ್ಮೆಯ ಉಸಿರಿನಂತೆ ಹೋಗಿ, ಬರುವ ಮುಂಚೆ ಒಂದು ಗಳಿಗೆ ನಿಲ್ಲುತ್ತಿತ್ತು. ಗಡಿಯಾರದ ಲೆಕ್ಕಕ್ಕೆ ಕೂತಾಗ ನಡುಕ ಇದೆಯೋ ಇಲ್ಲವೋ ಎಂದಷ್ಟೇ ನೋಡಿದ್ದಳು, ಪೆಟ್ಟಿನ ಹೊತ್ತಿಗೆ ಕಣ್ಣು ಮುಚ್ಚುತ್ತಿದ್ದಳು, ಹಾಗಾಗಿ ಇಷ್ಟು ವರ್ಷ ಅದನ್ನು ಕಂಡೇ ಇರಲಿಲ್ಲ. ಅವಳು ಕಾದಳು. ಬಂತು, ಹೋಯಿತು. ಬಂತು, ಹೋಯಿತು. ನಿಂತಿತು. ಸುತ್ತಿಗೆ ಬಿಟ್ಟಳು.

ಟಕ್.

ಅವನು ಅಚ್ಚು ಎತ್ತಿದ. ಐದೂ ಮೊನೆಯ ನಕ್ಷತ್ರ, ಒಂದೇ ಒಂದು.

“ಬೆರಳು?” ಎಂದಳು ಅವಳು.

“ಹತ್ತೂ ಇದಾವೆ. ಎಣಿಸಿಕೋ.”

ಅವಳು ನಿಜವಾಗಿಯೂ ಎಣಿಸಿದಳು. ಗುಮಾಸ್ತ ತನ್ನ ಡಬ್ಬಿಯ ಮುಚ್ಚಳ ಹಾಕಿ, “ಇನ್ನೊಂದು ಹೊಡೀರಿ ಅಮ್ಮ, ಪಟ್ಟಿಯಲ್ಲಿ ಜಾಗ ಇದೆ” ಎಂದ. ಇನ್ನೊಂದು ಹೊಡೆದಳು. ಆಮೇಲೆ ತಾನೇ ಹಿಡಿದು ತಾನೇ ಹೊಡೆದಳು, ಕಣ್ಣು ಹಾಗೆಯೇ ಅಗಲವಾಗಿ ಬಿಟ್ಟುಕೊಂಡು. ಅವಳ ಕೈ ನಡುಗುವ ಕೈಯಲ್ಲವಾದ್ದರಿಂದ ಕಾಯುವುದೇನೂ ಇರಲಿಲ್ಲ. ಆದರೂ ಪ್ರತಿ ಸಲ ಒಂದು ಗಳಿಗೆ ಕಾದೇ ಹೊಡೆದಳು. ಅವನು ಪಕ್ಕಕ್ಕೆ ಸರಿದು ಬುತ್ತಿಯ ಗಂಟು ಬಿಚ್ಚಿದ.

ಎರಡು ಗಂಟೆಗೆ ಒಳಗೆ ಹೋಗಿ ಐದು ಪೆಟ್ಟು ಹೊಡೆದಳು. ಮೂರನೆಯದು ಸ್ವಲ್ಪ ವಾರೆಯಾಗಿತ್ತು. ಪರೀಕ್ಷಕಿ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದಳು. “ವಾರೆ ಇದ್ದರೆ ಪರವಾಗಿಲ್ಲ. ಸ್ವಚ್ಛವಾಗಿದೆ” ಎಂದು ಪಟ್ಟಿಗೆ ದಾರ ಕಟ್ಟಿ, ಅದರ ಚೀಟಿಯಲ್ಲಿ ಅವಳ ಹೆಸರು ಬರೆದಳು. ಅಂಗಡಿಯ ಕಾಗದದಲ್ಲಿ ಅವಳ ಹೆಸರು ಬಂದದ್ದು ಅದೇ ಮೊದಲು. ಅವಳು ಅದನ್ನು ಒಮ್ಮೆ ಓದಿದಳು, ಮತ್ತೆ ಓದಿದಳು.

ಇನ್ನು ಉಳಿದದ್ದು ಹಳೆಯ ಅಚ್ಚು. ಅಚ್ಚುದಾರನೇ ಅಳಿಸಬೇಕು, ಆಗದಿದ್ದರೆ ಅಧಿಕಾರಿ ಅಳಿಸಬಹುದು ಎಂದು ನಿಯಮ. ಅವನು ತಾನೇ ಅರ ಕೇಳಿದ. ಗುಮಾಸ್ತ ಅಚ್ಚನ್ನು ಮೇಜಿನ ಇಕ್ಕಳಕ್ಕೆ ಕಚ್ಚಿಸಿ ಕೊಟ್ಟ. ಅವಳು ಆ ಕಡೆ ತಿರುಗಲಿಲ್ಲ. ಅವನ ಪಕ್ಕದಲ್ಲಿ ನಿಂತು ಕಿರ್ರ್ ಕಿರ್ರ್ ಸದ್ದು ಕೇಳಿದಳು.

“ನೋಡು, ಈ ಕೆಲಸಕ್ಕೆ ನನ್ನ ಕೈ ತಾನಾಗೇ ಆಡುತ್ತೆ” ಎಂದ ಅವನು.

ಅವಳು ನಗಲು ಹೋಗಿ ಮೂಗು ಒರೆಸಿಕೊಂಡಳು. ಮೊದಲು ಎಲೆಗಳು ಹೋದವು, ಆಮೇಲೆ ಬಳೆ. ಕೊನೆಗೆ ಹೊಳೆಯುವ ಬರೀ ಉಕ್ಕು ಉಳಿಯಿತು.

ಪರೀಕ್ಷಕಿ ಕೊನೆಯ ಕಾಗದ ಎಳೆದುಕೊಂಡಳು. “ಅಚ್ಚು ಕೊನೆಗೊಳಿಸಲು ಕಾರಣ. ಅಚ್ಚುದಾರರ ಮರಣ, ಕಳವು, ವ್ಯಾಪಾರ ಮುಚ್ಚಿದ್ದು, ಕಲಬೆರಕೆ ಅಪರಾಧ, ಇತರೆ. ಇತರೆ ಅಂತ ಹಾಕಿ, ಅನಾರೋಗ್ಯ ಅಂತ ಬರೀಲಾ ಯಜಮಾನರೇ?”

“ಬೇಡ” ಎಂದ ಅವನು. “ಇನ್ನೊಬ್ಬರು ನನಗಿಂತ ಚೆನ್ನಾಗಿ ಮಾಡ್ತಾರೆ, ಅಂತ ಬರೀರಿ.”

“ರೀ! ಸರ್ಕಾರಿ ಕಾಗದ ಅದು, ಏನೇನೋ ಬರೆಸಬೇಡಿ” ಎಂದಳು ಅವಳು.

“ಸರ್ಕಾರಿ ಕಾಗದ ಅಂತಲೇ ನಿಜ ಬರೆಸ್ತಿರೋದು.”

ಪರೀಕ್ಷಕಿ ಪೆನ್ನಿನ ತುದಿಯನ್ನು ಗಲ್ಲಕ್ಕೆ ಒತ್ತಿಕೊಂಡಳು. ಆಮೇಲೆ ಅವನು ಹೇಳಿದ್ದನ್ನು ಹೇಳಿದಂತೆಯೇ, ದುಂಡಗಿನ ಅಕ್ಷರದಲ್ಲಿ, ಇತರೆ ಎಂಬಲ್ಲಿ ಬರೆದಳು. ಕಾಗದ ತಿರುಗಿಸಿ ಅವನ ಮುಂದಿಟ್ಟು, ಹೆಬ್ಬೆಟ್ಟು ಒತ್ತಿದರೂ ನಡೆಯುತ್ತದೆ ಎಂದಳು.

ಅವನು ಪೆನ್ನೇ ತೆಗೆದುಕೊಂಡ. ಮೊದಲ ಅಕ್ಷರ ಗೆರೆಯ ಮೇಲೆ ಹೋಯಿತು, ಎರಡನೆಯದು ಕೆಳಗಿಳಿಯಿತು. ಅವಳ ಬೆರಳುಗಳು ಶಾಲಿನೊಳಗೆ ಮಿಸುಕಿದವು. ಅವಳು ಅವನ್ನು ಅಲ್ಲೇ ಬಿಗಿಹಿಡಿದಳು. ಬಾಗಿಲಲ್ಲಿ ಮುಂದಿನ ಸರದಿಯವನು ಇಣುಕಿ ನೋಡಿದ. ಗುಮಾಸ್ತ ಅವನಿಗೆ ಕೈಸನ್ನೆ ಮಾಡಿ ನಿಲ್ಲಿಸಿದ. ಕಿಟಕಿಯ ಬಿಸಿಲು ಮೇಜಿನ ಮೇಲೆ ಒಂದು ಗೇಣು ಸರಿದಿತ್ತು. ಅವನು ತನ್ನ ಹೆಸರಿನ ಒಂದೊಂದೇ ಅಕ್ಷರವನ್ನು ಬರೆಯುತ್ತ ಹೋದ, ಯಾರೂ ಅವಸರ ಮಾಡಲಿಲ್ಲ.